ಹನ್ನೆರಡು ಅಡಿ ಸರಪಳಿ

"ಆ ಬಂಡೆ ಬಳೆಗೆ ಮಾತ್ರ ಏನೂ ಕಟ್ಬೇಡಿ ಸಾರ್," ಎಂದ ಕಾವಲು ಮುದುಕ. ಆ ದನಿಯಲ್ಲಿದ್ದದ್ದು ಭಯವೋ ಆಸೆಯೋ, ಸರ್ವೇಯರನಿಗೆ ಆಗ ತಿಳಿಯಲಿಲ್ಲ.

ಮನೆಯ ಹಿತ್ತಿಲಿಗೆ ತಾಗಿದ್ದ ಅಣೆಕಟ್ಟಿನ ಹಿನ್ನೀರಿನ ದಡದ ಬಂಡೆಯಲ್ಲಿ ಹೂತಿದ್ದ ಕಬ್ಬಿಣದ ಬಳೆ ಅದು. ದೋಣಿ ಕಳ್ಳರ ಕಾಟ ತಾಳಲಾರದೆ ಹಿಂದೆ ಯಾರೋ ಅದಕ್ಕೆ ಮಾಟ ಮಾಡಿಸಿದ್ದರಂತೆ. ಕಟ್ಟಿದ್ದನ್ನು ಕಳ್ಳರಿಗೆ ಬಿಡುವುದಿಲ್ಲವಂತೆ, ಕಟ್ಟಿದವರನ್ನೂ ಬಿಡುವುದಿಲ್ಲವಂತೆ. ಊರವರ ಜಮೀನನ್ನೆಲ್ಲ ಟೇಪು ಹಿಡಿದು ಅಳೆದ ಸರ್ವೇಯರ್ ಇಂಥ ಕತೆಗಳಿಗೆ ಸೊಪ್ಪು ಹಾಕುವವನಲ್ಲ. "ಒಳ್ಳೇದಾಯ್ತಲ್ಲ ಅಜ್ಜ, ಬೀಗ ಹಾಕೋ ಕೆಲಸ ಉಳೀತು," ಎಂದು ನಕ್ಕುಬಿಟ್ಟ.

ಅವನು ನೀರಿನಲ್ಲಿ ತೇಲುಕಟ್ಟೆ ಕಟ್ಟುತ್ತಿದ್ದುದೇ ಹೆಂಡತಿಗಾಗಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾದವಳು ಹೆರಿಗೆಗೆಂದು ಪೇಟೆಯ ತವರಿಗೆ ಹೋಗಿದ್ದಳು. ಮಗುವಿನೊಂದಿಗೆ ಬಂದಾಗ ಹಿತ್ತಿಲ ನೀರಿನ ಮೇಲೆ ಕಾಲು ಇಳಿಬಿಟ್ಟು ಕೂರಬೇಕೆಂಬುದು ಅವಳ ಆಸೆ. ಎಂಟು ಪ್ಲಾಸ್ಟಿಕ್ ಡ್ರಮ್ಮು, ಮೇಲೆ ಹಲಗೆ. ವೆಲ್ಡರ್ ಆಗಿದ್ದ ಭಾವಮೈದುನ ಕಬ್ಬಿಣದ ಚೌಕಟ್ಟು ಬೆಸೆದುಕೊಟ್ಟಿದ್ದ. ಆಚೆಯ ಎರಡು ಮೂಲೆಗಳನ್ನು ಹಗ್ಗದಿಂದ ಬಿಗಿದಾಯಿತು. ಬಂಡೆಯ ಕಡೆಯದು ಉಳಿಯಿತು. ನೀರು ಏರಿಳಿಯುತ್ತೆ, ಉದ್ದ ಬಿಡಿ ಎಂದು ಮುದುಕ ಅಂದರೂ ಕೇಳಲಿಲ್ಲ. ಮಗು ಎತ್ತಿಕೊಂಡವಳ ಕಾಲಡಿ ಹಲಗೆ ಅಲುಗಾಡಬಾರದೆಂದು ಸರಪಳಿಯನ್ನು ಹನ್ನೆರಡೇ ಅಡಿಗೆ ಕತ್ತರಿಸಿ, ಬಳೆಗೆ ಸೇರಿಸಿ ಬೋಲ್ಟ್ ಬಿಗಿದ.

ಬಂಡೆಯೊಳಗಿಂದ ಯಾರೋ ಉಸಿರು ಬಿಟ್ಟಂಥ ಸದ್ದು ಬಂತು. ತುಕ್ಕಿನ, ಕೊಳೆತ ಪಾಚಿಯ ವಾಸನೆ ಮೂಗಿಗೆ ಅಡರಿತು. ತಲೆಯೆತ್ತಿದರೆ ಮುದುಕ ಆಗಲೇ ಗಂಟುಮೂಟೆ ಹಿಡಿದು ಪಕ್ಕದ ಗೇಟಿನಾಚೆ ನಿಂತಿದ್ದ. ಅವನು ಅಳುತ್ತಿದ್ದ.

"ಈ ಗೇಟು ದಾಟಿ ಹದಿನೇಳು ವರ್ಷ ಆಯ್ತು ಸಾರ್. ನಾ ಬಳೆಗೆ ಕಟ್ಟಿದ್ದು ಉದ್ದದ ಹಗ್ಗ, ಇಲ್ಲೀವರೆಗೂ ಬರೋದು. ಬೇಡ ಅಂತ ಹೇಳ್ಲೇಬೇಕು, ಹೇಳ್ದೆ. ಹೇಳಿದ್ಮೇಲೂ ಇನ್ನೊಂದು ಕೈ ಕಟ್ಟಿದ್ರೇನೆ ಬಿಡುಗಡೆ."

ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಸರ್ವೇಯರ್ ಮನೆಯತ್ತ ತಿರುಗಿದ. ದಡದಿಂದ ಹಿತ್ತಿಲಿಗೆ ಹತ್ತುವ ಮೇಲಿನ ಮೆಟ್ಟಿಲಲ್ಲಿ ಕಾಲು ನಿಂತುಬಿಟ್ಟಿತು. ಪಾದದ ಗಂಟಿಗೆ ತಣ್ಣನೆಯ ಬಿಗಿತ. ಜಗ್ಗಿದ. ಬಾಯಿ ತುಂಬ ಕೆಸರುನೀರಿನ ರುಚಿ. ಉಗುಳಿದರೆ ಬರೀ ಎಂಜಲು. ಜೇಬಿನ ಟೇಪು ಬಿಚ್ಚಿ ಅಳೆದ. ಬಳೆಯಿಂದ ಹನ್ನೆರಡು ಅಡಿ. ಒಂದಿಂಚು ಹೆಚ್ಚಿಲ್ಲ.

ಬೋಲ್ಟ್ ಬಿಚ್ಚಿ ಸರಪಳಿ ಕಳಚಿದ. ಕಾಲು ಮಾತ್ರ ಬಿಡಲಿಲ್ಲ. ಗರಗಸದ ಬ್ಲೇಡು ಬಳೆಗೆ ತಾಗಿದೊಡನೆ ಮುರಿಯಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮನೆಗಳಿರಲಿಲ್ಲ. ಒಳಗೆ ಊಟದ ಮೇಜಿನ ಮೇಲೆ ಫೋನು ರಿಂಗಾಗತೊಡಗಿತು. ತೆರೆದ ಬಾಗಿಲಿನಿಂದ ಅದರ ಬೆಳಕೂ ಕಾಣುತ್ತಿತ್ತು. ನಿಂತಿತು, ಮತ್ತೆ ರಿಂಗಾಯಿತು. ಹೆರಿಗೆಗೆ ಇನ್ನೂ ವಾರವಿದೆ ಎಂದಿದ್ದರು ಡಾಕ್ಟರು. ಇಷ್ಟು ಸಲ ಸುಮ್ಮನೆ ಯಾರೂ ಕರೆಯುವುದಿಲ್ಲ. ಅವನಿಗೆ ಹೆಂಡತಿಯ ಹತ್ತಿರ ಹೋಗಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ನೀರು ದಿನಕ್ಕೊಂದು ಮೊಳ ಏರುತ್ತಿತ್ತು. ಎರಡನೆಯ ದಿನ ಬಳೆ ಮುಳುಗಿತು. ಅಷ್ಟು ಹೊತ್ತಿಗೆ ಫೋನೂ ಸತ್ತಿತ್ತು.

ಮೂರನೆಯ ಬೆಳಿಗ್ಗೆ ಭಾವಮೈದುನ ಕಾರು ತಂದ, ಕೀಲಿಯನ್ನೂ ಅದರಲ್ಲೇ ಬಿಟ್ಟು ಓಡಿಬಂದ. ಅಕ್ಕನಿಗೆ ಎರಡು ದಿನದಿಂದ ನೋವು ಬಂದು ಬಂದು ಹೋಗುತ್ತಿದೆ, ಸಂಜೆಗೆ ಆಪರೇಷನ್, ಗಂಡನ ಮುಖ ನೋಡದೆ ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದ. ಸರ್ವೇಯರ್ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ತೇಲುಕಟ್ಟೆಯ ಬಿಚ್ಚಿದ ಮೂಲೆ ಬಂಡೆಗೆ ಧಡ್ಡನೆ ಬಡಿಯಿತು. ತನ್ನ ಬೆಸುಗೆ ಕಣ್ಣೆದುರೇ ನಲುಗುತ್ತಿದ್ದರೆ ಯಾವ ಕೆಲಸಗಾರನಿಗೂ ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಎರಡೇ ನಿಮಿಷ ಎಂದು ಭಾವಮೈದುನ ಶರ್ಟು ಬಿಚ್ಚಿ ಮೇಲಿನ ಮೆಟ್ಟಿಲಲ್ಲಿ ಮಡಚಿಟ್ಟ. ಅದರ ಮೇಲೆ ತನ್ನ ಫೋನು ಇಟ್ಟು, ಸರಪಳಿ ಎತ್ತಿಕೊಂಡು ಎದೆಮಟ್ಟದ ನೀರಿಗಿಳಿದ.

"ಆ ಬಳೆಗೆ ಮಾತ್ರ ಏನೂ ಕಟ್ಬೇಡ," ಎಂದ ಸರ್ವೇಯರ್. ಮೆಲ್ಲಗೆ ಅಂದ. ಮುದುಕನ ದನಿಯೇ ತನ್ನ ಗಂಟಲಿನಿಂದ ಬಂದಂತಾಯಿತು.

"ಯಾಕೆ ಭಾವ, ದೆವ್ವ ಇದೆಯಾ?" ಅವನು ನಕ್ಕ.

ಇನ್ನೊಂದು ಮಾತು ಸಾಕಿತ್ತು. ತೋಳು ಹಿಡಿದು ನಿಲ್ಲಿಸಬಹುದಿತ್ತು. ಸರ್ವೇಯರ್ ಹೆಂಡತಿಯ ಮುಖ ನೆನೆದು ಸುಮ್ಮನಿದ್ದ.

ಭಾವಮೈದುನ ಸರಪಳಿ ಮಡಚಿದ. ನಾಲ್ಕೇ ಅಡಿ. ಬಿಗಿಯಾಗಿರಲಿ ಎಂದ. ಬೋಲ್ಟ್ ತಿರುಗಿತು. ನೀರಿನೊಳಗೆ ಯಾರೋ ಉಸಿರು ಬಿಟ್ಟರು. ತುಕ್ಕಿನ ವಾಸನೆ. ಸರ್ವೇಯರನ ಕಾಲು ಹಗುರಾಯಿತು. ಒಂದು ಹೆಜ್ಜೆ. ಹದಿಮೂರು ಅಡಿ. ಓಡಿದ. ಬಾಗಿಲು. ಮೇಜು. ಫೋನು. ಗೇಟು. ಕಾರು.

"ಭಾವ, ಕಾಲು ಎಲ್ಲೋ ಸಿಕ್ಕಾಕೊಂಡಿದೆ. ಸ್ವಲ್ಪ ಬನ್ನಿ."

ಸರ್ವೇಯರ್ ಕೀಲಿ ತಿರುಗಿಸಿದ.

ಸಂಜೆ ಹೆಣ್ಣುಮಗು ಹುಟ್ಟಿತು. ಹೆಂಡತಿ ಅರೆಗಣ್ಣು ತೆರೆದು ಮೊದಲು ಮಗುವನ್ನು ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು. "ನನ್ನ ತಮ್ಮ ಎಲ್ಲಿ? ಮೊದ್ಲು ನಾನೇ ಎತ್ಕೋತೀನಿ ಅಂತಿದ್ದ. ಫೋನ್ ಮಾಡಿ."

ಚಾರ್ಜಿಗೆ ಹಾಕಿದ್ದ ಫೋನು ಎತ್ತಿ ಸರ್ವೇಯರ್ ಕರೆ ಮಾಡಿದ. ಅದು ಎಲ್ಲಿ ರಿಂಗಾಗುತ್ತಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೇಲಿನ ಮೆಟ್ಟಿಲು, ಮಡಚಿದ ಶರ್ಟಿನ ಮೇಲೆ, ಬಳೆಯಿಂದ ಹನ್ನೆರಡು ಅಡಿ. ನೀರಿನಲ್ಲಿ ನಿಂತವನಿಗೆ ಅದರ ಬೆಳಕು ಕಾಣುತ್ತಿರುತ್ತದೆ. ನಾಳೆ ಇನ್ನೊಂದು ಮೊಳ ಏರುತ್ತದೆ.

"ರಿಂಗ್ ಆಗ್ತಿದೆ," ಎಂದ ಹೆಂಡತಿಗೆ. "ಎತ್ತುತ್ತಾ ಇಲ್ಲ."