ತಮ್ಮ ಹೆಸರು ಮರೆಯುವ ಮೂರು ಬಾಗಿಲುಗಳು

ಬಹಳ ಕಾಲದ ಹಿಂದೆ ತೆರೆಕೋಟೆ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಮೂರು ಬಾಗಿಲು. ಮೂರಕ್ಕೂ ಕಣ್ಣಿತ್ತು, ಬಾಯಿತ್ತು. ರಾತ್ರಿ ಮಲಗಿದರೆ ತಮ್ಮ ಹೆಸರು, ತಮ್ಮ ಹಾದಿ ಎರಡನ್ನೂ ಮರೆತುಬಿಡುತ್ತಿದ್ದವು. ದಿನವೂ ಸೂರ್ಯ ಹುಟ್ಟುವ ಮೊದಲು ಯಾರಾದರೂ ಹೇಳಿಕೊಡಬೇಕು. ತಪ್ಪಿದರೆ, ಆ ಬಾಗಿಲು ದಾಟಿದವರು ಮಾಟಗಾರ ಧೂಮಾಕ್ಷನ ಸುಟ್ಟಬನಕ್ಕೆ ಹೋಗಿ ಬೀಳುತ್ತಿದ್ದರು.

ಹೇಳಿಕೊಡುವ ಕೆಲಸ ಕಾಳಪ್ಪಯ್ಯನ ಮನೆತನದ್ದು. ಕೋಟೆಯ ನಡುವಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ನಿಂತು ಕೂಗಬೇಕು. ಬಾಗಿಲುಗಳು ಆಕಳಿಸುವ ಸರದಿಯೇ ಗುರುತು: ಮೊದಲು ಆಕಳಿಸಿದ್ದು ಮೂಡಣ ಬಾಗಿಲು, ಹಾದಿ ಕಡಲಿಗೆ. ಆಮೇಲಿನದು ತೆಂಕಣ, ಹಾದಿ ಕಾಡಿಗೆ. ಕೊನೆಯದು ಪಡುವಣ, ಹಾದಿ ಹೊಲಕ್ಕೆ. ಬೆಳಕು ಮೊದಲು ಬೀಳುವುದು ಮೂಡಣಕ್ಕೇ ಆದ್ದರಿಂದ ಏಳು ತಲೆಮಾರು ತಪ್ಪಿರಲಿಲ್ಲ.

ಒಂದು ಬೆಳಗ್ಗೆ ಧೂಮಾಕ್ಷ ಮೂಡಣದ ಮೇಲೆ ಹೊಗೆ ಹೊದಿಸಿದ. ತೆಂಕಣ ಬಾಗಿಲು ಮೊದಲು ಆಕಳಿಸಿತು. ಕಾಳಪ್ಪಯ್ಯ ಅದನ್ನೇ ಮೂಡಣ ಎಂದ. ಓಲೆ ಹೊತ್ತು ಆ ಬಾಗಿಲಿಂದ ಹೊರಟ ಅವನ ಮಗ ರಾಚ ತಿರುಗಿ ಬರಲಿಲ್ಲ.

ಬಂದದ್ದು ಧೂಮಾಕ್ಷನ ಕಾಗೆ. ರಾಚನ ಹೆಂಡತಿ ಕೆಂಪಾಜಿಯ ಅಡುಗೆಮನೆ ಕಿಟಕಿಯಲ್ಲಿ ಕೂತು ಹೇಳಿತು: "ನಿನ್ನ ಗಂಡನ ಪಾದ ಬೇರು ಬಿಟ್ಟಿದೆ. ಮೂರು ಬೆಳಗಿನೊಳಗೆ ಮೂರೂ ಬಾಗಿಲು ಸರಿಯಾಗಿ ಎದ್ದರೆ ಮಾಟ ಮುರಿಯುತ್ತದೆ. ಇಲ್ಲದಿದ್ದರೆ ಅವನು ಮರದ ಮೋಟು."

"ಹೆದರಿಸಬೇಡ. ಮನೆಯಲ್ಲಿದ್ದಾಗಲೂ ಅವರು ಮೋಟಿನ ಹಾಗೇ ಕೂತಿರ್ತಾರೆ," ಎಂದಳು ಕೆಂಪಾಜಿ. ಕಾಗೆ ಹಾರಿಹೋದ ಕೂಡಲೇ ಸೌಟು ಕೆಳಗಿಟ್ಟು ಮಾವ ಕಾಳಪ್ಪಯ್ಯನನ್ನು ಹುಡುಕಿ ಹೊರಟಳು.

ಮೊದಲ ಬೆಳಗು. "ಮಾವ, ಇವತ್ತಾದರೂ ಕಣ್ಣು ಬಿಟ್ಟು ಕೂಗಿ."

"ಕಣ್ಣು ಮುಚ್ಚೋದು ನಮ್ಮ ಪದ್ಧತಿ, ತಾಯಿ."

"ನಿಮ್ಮ ಮಗನೂ ಪದ್ಧತಿ ಪ್ರಕಾರವೇ ಹೋದರು."

ಮುದುಕ ಕೇಳಲಿಲ್ಲ. ಹೊಗೆ ಜಾಗ ಬದಲಿಸಿತು, ಪಡುವಣ ಮೊದಲು ಆಕಳಿಸಿತು, ಮೂರೂ ಹೆಸರು ತಪ್ಪಿದವು. "ಮೊಣಕಾಲವರೆಗೂ ಮರ," ಎಂದಿತು ಕಾಗೆ.

ಎರಡನೆಯ ಬೆಳಗು. ಕೆಂಪಾಜಿ ಸೆರಗು ಸಿಕ್ಕಿಸಿ ತಾನೇ ಓಡಿದಳು. ಮೂಡಣಕ್ಕೆ ಹೇಳಿದಳು, ತೆಂಕಣಕ್ಕೆ ಹೇಳಿದಳು. ಪಡುವಣ ಮುಟ್ಟುವಷ್ಟರಲ್ಲಿ ಸೂರ್ಯ ಹುಟ್ಟಿದ್ದ. "ಎದೆಯವರೆಗೂ ಮರ," ಎಂದಿತು ಕಾಗೆ.

ಅವಳು ಅಲ್ಲೇ ಕುಸಿದು ಕುಳಿತಳು. ಕೈ ಬಾಗಿಲ ಕೀಲಿನ ಕೆಳಗೆ ತಾಗಿತು. ಮದುವೆಯಾಗಿ ಬಂದಂದಿನಿಂದ ಆ ಕೀಲುಗಳಿಗೆ ಎಣ್ಣೆ ಹಚ್ಚುತ್ತಿದ್ದವಳು ಅವಳೇ. ಕಟ್ಟಿದವರು ಕೊರೆದ ಗುರುತು ಬೆರಳಿಗೆ ಸಿಕ್ಕಿತು: ನೇಗಿಲು. ಮೂಡಣಕ್ಕೆ ಮೀನು, ತೆಂಕಣಕ್ಕೆ ಜಿಂಕೆ. ನಿದ್ದೆಯಲ್ಲಿ ಹೆಸರು ಮರೆತೀತು, ಮೈಮೇಲಿನ ಗುರುತು ಅಳಿಸೀತೇ?

ಸಂಜೆ ಅವಳು ಹೊಗೆಯಲ್ಲೂ ಕಾಣುವಷ್ಟು ಹತ್ತಿರದಲ್ಲಿ, ಬಾಗಿಲುಗಳ ಕಣ್ಣಿಗೆ ಎದುರಾಗಿ ಮೂರು ಹಲಗೆ ತೂಗುಹಾಕಿದಳು. ಮೂರರಲ್ಲೂ ಒಂದೇ ಬರಹ: "ಎದ್ದ ಕೂಡಲೇ ಕೀಲಿನ ಕೆಳಗೆ ನೋಡಿಕೋ. ಮೀನಿದ್ದರೆ ನೀನು ಮೂಡಣ, ಹಾದಿ ಕಡಲಿಗೆ. ಜಿಂಕೆಯಿದ್ದರೆ ತೆಂಕಣ, ಕಾಡಿಗೆ. ನೇಗಿಲಿದ್ದರೆ ಪಡುವಣ, ಹೊಲಕ್ಕೆ."

"ಒಂದೊಂದರ ಮೇಲೆ ಒಂದೊಂದು ಹೆಸರು ಬರೆದಿದ್ದರೆ ಸಾಕಿತ್ತಲ್ಲಮ್ಮ?"

"ನೋಡ್ತಿರಿ, ಮಾವ."

ಮೂರನೆಯ ಬೆಳಗು. ಹೊಗೆ ಇಡೀ ಕೋಟೆಯನ್ನು ನುಂಗಿತ್ತು. ಕಾಗೆ ಬಂದು ಹಲಗೆಗಳನ್ನು ಅದಲುಬದಲು ಮಾಡಿ ನಕ್ಕಿತು. ಕಾಳಪ್ಪಯ್ಯ ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದ. ಕೆಂಪಾಜಿ ಆ ಬಾಯಿಗೆ ಬೆಲ್ಲದ ಉಂಡೆ ತುರುಕಿದಳು.

ಒಂದು ಬಾಗಿಲು ಆಕಳಿಸಿತು. ಹಲಗೆ ಓದಿತು, ಬಗ್ಗಿ ನೋಡಿತು. "ನೇಗಿಲು. ನಾನು ಪಡುವಣ." ಸ್ವಲ್ಪ ಹೊತ್ತಿಗೆ, "ಜಿಂಕೆ. ನಾನು ತೆಂಕಣ."

ಮೂರನೆಯದರ ಸದ್ದಿಲ್ಲ. ಹೊಗೆಯ ಅಂಚು ಕೆಂಪಾಗತೊಡಗಿತು. ಆಗ ಭಾರವಾದ ದನಿಯೊಂದು ಕೇಳಿತು: "ಮೀನು. ನಾನು ಮೂಡಣ. ನನ್ನ ಹಾದಿ ಕಡಲಿಗೆ."

ಸೂರ್ಯ ಹುಟ್ಟಿದ. ಹೊಗೆ ತಿರುಗಿ ಧೂಮಾಕ್ಷನನ್ನೇ ಸುತ್ತಿಕೊಂಡು ಅವನನ್ನು ಮೋಟು ಮಾಡಿತು. ಈ ದಿನಗಳಲ್ಲಿ ದಾರಿ ತಪ್ಪಿದವರೆಲ್ಲ ಕೋಟೆಗೆ ನಡೆದು ಬಂದರು. ಕೊನೆಯಲ್ಲಿ ರಾಚ, ತಲೆಯ ತುಂಬ ಒಣ ಎಲೆ.

"ಎಲೆ ಹೊರಗೇ ಕೊಡವಿ ಬನ್ನಿ," ಎಂದಳು ಕೆಂಪಾಜಿ ಕಣ್ಣೊರೆಸಿಕೊಳ್ಳುತ್ತ. "ಈಗಷ್ಟೇ ಗುಡಿಸಿದ್ದೀನಿ."

ಅಂದಿನಿಂದ ಬಾಗಿಲುಗಳು ತಾವಾಗಿಯೇ ಎದ್ದು ತಮ್ಮನ್ನು ತಾವೇ ಗುರುತಿಸಿಕೊಂಡವು. ಕಾಳಪ್ಪಯ್ಯ ಹೊತ್ತೇರುವವರೆಗೂ ಮಲಗಿದ. ಕೀಲುಗಳಿಗೆ ಎಣ್ಣೆ ಹಚ್ಚುವ ಕೆಲಸ ರಾಚನ ಪಾಲಿಗೆ ಬಂತು. ತೆರೆಕೋಟೆಯಿಂದ ಹೊರಟವರೆಲ್ಲ ಸಂಜೆಗೆ ಮನೆ ಸೇರಿ ಸುಖವಾಗಿದ್ದರು.