ಅವನು ಖಾಲಿ ಬಿಟ್ಟ ಹತ್ತನೇ ಪ್ರಶ್ನೆ

"ಊಟ ಮಾಡಿ ಎಷ್ಟು ಗಂಟೆ ಆಯ್ತು?"

ತಲೆ ಎತ್ತದೆಯೇ ಕೇಳಿದಳು ಅವಳು. ಬೆಳಗಿನಿಂದ ಇದೇ ಪ್ರಶ್ನೆಯನ್ನು ಹದಿನಾಲ್ಕು ಜನರಿಗೆ ಕೇಳಿಯಾಗಿತ್ತು. ಅವಳು ನಡೆಸುತ್ತಿದ್ದ ಹೊಸ ಅಧ್ಯಯನಕ್ಕೆ ರಕ್ತದಲ್ಲಿರುವ ಕೊಬ್ಬನ್ನು ಅಳೆಯಬೇಕೆಂದರೆ ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇರಬೇಕು. ಹದಿನೈದನೆಯವನು ಎದುರಿನ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿ ಕೈ ಚಾಚಿದ್ದ.

"ಹದಿಮೂರು ಗಂಟೆ. ಈ ಸಲ ನಿಜವಾಗ್ಲೂ ಏನೂ ತಿಂದಿಲ್ಲ... ಸೂಜಿ ಮೇಡಂ."

ಅವಳ ಕೈಯಲ್ಲಿದ್ದ ಸ್ಪಿರಿಟ್ ಹತ್ತಿ ಅಲ್ಲೇ ನಿಂತಿತು.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಈ ಲೋಕದಲ್ಲಿ ಒಬ್ಬನೇ! ಎಂಟು ವರ್ಷದಿಂದ ಪತ್ತೆಯೇ ಇಲ್ಲದವನು.

ತಲೆ ಎತ್ತಿದಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಹೊಸ ಕನ್ನಡಕ. ಉಳಿದಂತೆ ಅದೇ ಮುಖ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಗುವ ಅದೇ ನಗು.

'ಅಳಬಾರದು... ಕೆಲಸದ ಹೊತ್ತಲ್ಲಿ ಅಳಬಾರದು' ಎಂದು ತನಗೆ ತಾನೇ ಹೇಳಿಕೊಂಡು ಸೂಜಿ ಹಾಕಿದಳು. ನರ ತಪ್ಪಿತು! ಇಡೀ ಸಂಶೋಧನಾ ಸಂಸ್ಥೆಯಲ್ಲಿ ನೋವಾಗದಂತೆ ರಕ್ತ ತೆಗೆಯುವವಳೆಂದು ಹೆಸರಾದವಳು ಎರಡನೇ ಸಲ ಚುಚ್ಚಬೇಕಾಯಿತು.

"ನಿಮ್ಮ ಕೈ ಕೆಟ್ಟಿದೆ," ಅಂದ ಅವನು ಮೆಲ್ಲಗೆ.

"ಕೈಯಲ್ಲ," ಅಂದಳು.

ಟ್ಯೂಬಿನಲ್ಲಿ ರಕ್ತ ತುಂಬುತ್ತಿತ್ತು. ಅವನ ಕಣ್ಣು ಒಂದು ಕ್ಷಣ ಟ್ಯೂಬಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ನಿಂತು, ಕಿಟಕಿಯ ಕಡೆ ಹೋಯಿತು. ಅದನ್ನು ಅವಳು ನೋಡಿದಳು.

ಅಯ್ಯೋ... ಎಲ್ಲ ಮುಗಿದದ್ದು ಒಂದು ಮುಚ್ಚಳದಿಂದಲೇ ಅಲ್ಲವೇ!

ಆಗ ಅವರಿಬ್ಬರದೂ ಪಕ್ಕಪಕ್ಕದ ರೂಮು. ಅವಳ ರೂಮಿನಲ್ಲಿ ಸದ್ದಿಲ್ಲದ ಯಂತ್ರಗಳು. ರಕ್ತದಲ್ಲಿ ಕೂದಲೆಳೆಯಷ್ಟಿರುವ ಸತು, ತಾಮ್ರಗಳನ್ನು ಅಳೆಯುವುದು ಅವಳ ಕೆಲಸ. ಅವನ ರೂಮಿನಲ್ಲಿ ಸದಾ ಒಂದು ಪಾತ್ರೆ ಕುದಿಯುತ್ತಿತ್ತು. ಬೇರು, ತೊಗಟೆ, ಎಲೆಗಳಿಂದ ಮಂಡಿನೋವಿಗೆ ಎಣ್ಣೆ ಮಾಡುತ್ತಿದ್ದ. ಕಾರಿಡಾರಿನ ತುಂಬಾ ಘಾಟು. ಎಲ್ಲರೂ ಅವನನ್ನು 'ಕಷಾಯ' ಎಂದೇ ಕರೆಯುತ್ತಿದ್ದರು.

ಆರೋಗ್ಯವಂತರ ರಕ್ತ ಬೇಕೆಂದು ಅವಳು ಕೇಳಿದಾಗ ಮೊದಲು ಕೈ ಚಾಚಿದವನು ಅವನೇ. ಆದರೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ, ಮೇಲೆ ತಿಳಿಯಾಗಿ ನಿಲ್ಲಬೇಕಾದ ದ್ರವ ಬೆಳ್ಳಗೆ ಕದಡಿತ್ತು.

"ಇದು ರಕ್ತಾನೋ ಹಾಲೋ? ನಿಜ ಹೇಳಿ, ಏನು ತಿಂದ್ರಿ?"

"ಏನಿಲ್ಲ... ನಾಲ್ಕು ಮೊಟ್ಟೆ. ಆಮೇಲೆ ಬೆಣ್ಣೆ ಹಚ್ಚಿದ ಬ್ರೆಡ್ಡು. ಸ್ವಲ್ಪವೇ!"

ಅವತ್ತು ಅವಳು ಬೈದ ಬೈಗುಳಕ್ಕೇ ಅವನು 'ಸೂಜಿ ಮೇಡಂ' ಎಂದು ಹೆಸರಿಟ್ಟದ್ದು. ಆಮೇಲೆ ಉಪವಾಸದ ದಿನಗಳಲ್ಲಿ ಅವಳೇ ಡಬ್ಬಿಯಲ್ಲಿ ಬ್ರೆಡ್ಡು, ಬಾಳೆಹಣ್ಣು ತರತೊಡಗಿದಳು. ರಕ್ತ ಕೊಟ್ಟ ಮೇಲೆ ಇಬ್ಬರೂ ಕಿಟಕಿಯ ಬಳಿ ನಿಂತು ತಿನ್ನುತ್ತಿದ್ದರು. ಅವಳ ಅಮ್ಮನ ಮಂಡಿಗೆ ಅವನ ಎಣ್ಣೆ ಹೋಗುತ್ತಿತ್ತು. "ಆ ಕಷಾಯದ ಹುಡುಗ ಚೆನ್ನಾಗಿದ್ದಾನಾ?" ಎಂದು ಅಮ್ಮ ದಿನವೂ ಕೇಳುತ್ತಿದ್ದರು. ಕೇಳುವಾಗ ಮಗಳ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ಇಬ್ಬರೂ ಸೇರಿ ಒಂದು ಸಂಶೋಧನೆ ಹಿಡಿದರು. ಎಣ್ಣೆ ಹಚ್ಚಿಕೊಂಡವರ ರಕ್ತವನ್ನು ಅವನ ರೂಮಿನಲ್ಲಿ, ಬರೀ ಸಾದಾ ಎಣ್ಣೆ ಹಚ್ಚಿಕೊಂಡವರ ರಕ್ತವನ್ನು ಅವಳ ರೂಮಿನಲ್ಲಿ ತೆಗೆಯುವುದು. ಆರು ತಿಂಗಳಾದ ಮೇಲೆ ನೋಡಿದರೆ, ಅವನ ಗುಂಪಿನವರ ರಕ್ತದಲ್ಲಿ ಸತು ಏರಿತ್ತು! ಇಬ್ಬರೂ ಕುಣಿದಾಡಿದರು. ಲೇಖನ ಬರೆದದ್ದೂ ಆಯಿತು.

ಕಳಿಸುವ ಹಿಂದಿನ ದಿನ ಅವಳಿಗೆ ಗೊತ್ತಾಯಿತು. ಅವನ ಗುಂಪಿನ ಟ್ಯೂಬುಗಳಿಗೆಲ್ಲ ರಬ್ಬರ್ ಮುಚ್ಚಳ, ಅವಳ ಗುಂಪಿನವಕ್ಕೆ ಪ್ಲಾಸ್ಟಿಕ್. ರಬ್ಬರಿನಲ್ಲಿ ಸತು ಇರುತ್ತದೆ, ಅದು ರಕ್ತಕ್ಕೆ ಇಳಿಯುತ್ತದೆ. ಏರಿದ್ದು ಎಣ್ಣೆಯಿಂದಲ್ಲ, ಮುಚ್ಚಳದಿಂದ!

"ಇಷ್ಟು ಅಜಾಗರೂಕತೆನಾ? ನಿಮ್ಮನ್ನ ನಂಬಿದ್ದೆನಲ್ಲ ನಾನು!" ಎಂದು ಎಲ್ಲರೆದುರೇ ಕೂಗಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಸೋಮವಾರ ಬಂದರೆ ಪಕ್ಕದ ರೂಮು ಖಾಲಿ. ಸಂಸ್ಥೆ ನಡೆಸುವ ದೊಡ್ಡ ಡಾಕ್ಟರ ಮೇಜಿನ ಮೇಲೆ ಅವನ ಪತ್ರವಿತ್ತು: 'ತಪ್ಪು ನನ್ನದೇ. ಕೆಲಸ ಬಿಡುತ್ತಿದ್ದೇನೆ.'

ವರ್ಷ ಕಳೆದ ಮೇಲೆ ಅವನ ಬೀರು ತೆರವು ಮಾಡುವಾಗ ಆ ರಬ್ಬರ್ ಮುಚ್ಚಳದ ಟ್ಯೂಬುಗಳ ಖಾಲಿ ಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಬರೆದಿತ್ತು: 'ಪಕ್ಕದ ರೂಮಿಗೆ.'

ಅವಳದೇ ಅಕ್ಷರ!

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದ ದಿನ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ, ಅವನು ಟ್ಯೂಬು ಕೇಳಿದನೆಂದು ಕೈಗೆ ಸಿಕ್ಕ ಪೆಟ್ಟಿಗೆಯ ಮೇಲೆ ಬರೆದು ಕೊಟ್ಟವಳು ತಾನೇ. ಪೂರ್ತಿ ಮರೆತೇಬಿಟ್ಟಿದ್ದಳು.

ಅವತ್ತೇ ದೊಡ್ಡ ಡಾಕ್ಟರಿಗೆ ಹೇಳಿ ದಾಖಲೆ ತಿದ್ದಿಸಿದಳು. ಅವನಿಗೆ ಹೇಳುವುದೊಂದು ಉಳಿಯಿತು. ಬರೆದ ಮೂರು ಪತ್ರಗಳೂ ವಾಪಸ್ ಬಂದವು. ಅಮ್ಮ ತಂದ ಸಂಬಂಧಗಳನ್ನು ಅವಳು ವಾಪಸ್ ಕಳಿಸಿದಳು.

ಈಗ ಅವನ ಮೊಣಕೈ ಮಡಿಕೆಯಲ್ಲಿ ಹತ್ತಿ ಒತ್ತಿಹಿಡಿದು ನಿಂತವಳಿಗೆ ಒಂದೇ ಭಯ. ಹೇಳುವ ಮೊದಲೇ ಎದ್ದು ಹೋಗಿಬಿಟ್ಟರೆ?

ಡ್ರಾಯರ್ ಎಳೆದು, ತನ್ನ ಅಕ್ಷರವಿದ್ದ ಆ ಪೆಟ್ಟಿಗೆಯ ರಟ್ಟಿನ ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

"ತಪ್ಪು ನಂದು. ನಿಮ್ಮದಲ್ಲ. ಎಲ್ಲರೆದುರು ಬೈದವಳೂ ನಾನೇ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ..."

ಅವನು ಆ ಅಕ್ಷರಗಳ ಮೇಲೆ ಬೆರಳಾಡಿಸಿದ. "ಇದನ್ನ ಇನ್ನೂ ಇಟ್ಕೊಂಡಿದೀರಾ?"

"ನಿಮಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು. ಆದ್ರೆ ಮುಚ್ಚಳ ನೋಡದೆ ಬಳಸಿದ್ದು ನಾನೂ ತಾನೆ? ನಿಮ್ಮ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅಮ್ಮ ಬೇರೆ ಹಾಸಿಗೆ ಹಿಡಿದಿದ್ರು..."

"ಯಾರು ಕೇಳಿದ್ರು ನಿಮ್ಮ ತ್ಯಾಗಾನ?" ಅವಳ ದನಿ ಒಡೆಯಿತು. "ಒಂದು ಮಾತು ಹೇಳಿದ್ದಿದ್ರೆ ಎಂಟು ವರ್ಷ ಉಳೀತಿತ್ತು!"

ಅವನು ತಲೆ ತಗ್ಗಿಸಿದ. "ತ್ಯಾಗ ಅನ್ನೋದು ಅರ್ಧ ಸುಳ್ಳು. ಒಂದು ಸಲವೂ ಕೇಳದೆ ನಾನೇ ತಪ್ಪಿತಸ್ಥ ಅಂತ ತೀರ್ಮಾನ ಮಾಡಿದ್ರಲ್ಲ... ಅದರಿಂದ ತುಂಬಾ ನೋವಾಯ್ತು. ಹಠ ಬಂತು. ಪರೀಕ್ಷೆ ಮತ್ತೆ ಸರಿಯಾಗಿ ಮಾಡಿ, ಗೆದ್ದೇ ಬರ್ತೀನಿ ಅಂತ ಹೋದೆ."

"ಗೆದ್ರಾ?"

"ಸತು ಏರಲಿಲ್ಲ. ನೋವು ಮಾತ್ರ... ಸ್ವಲ್ಪ ಕಮ್ಮಿ ಆಗುತ್ತೆ. ಅಷ್ಟೇ. ಪೇಪರಲ್ಲಿ ನಿಮ್ಮ ಅಧ್ಯಯನದ ಪ್ರಕಟಣೆ ನೋಡಿ, ಗೆಲ್ಲದಿದ್ರೂ ಬಂದುಬಿಟ್ಟೆ." ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದ. "ಅಮ್ಮನ ಮಂಡಿ ಹೇಗಿದೆ?"

ಆ ಘಾಟು ಮೂಗಿಗೆ ಬಡಿದದ್ದೇ ತಡ, ಅವಳ ಕಣ್ಣು ತುಂಬಿತು. "ಹಳೇ ಬಾಟಲಿಗೆ ಬಿಸಿನೀರು ಹಾಕಿ, ಅಲ್ಲಾಡಿಸಿ ಹಚ್ಕೋತಾರೆ. ಎಸೆಯೋಕೆ ಬಿಡಲ್ಲ."

ಅವನು ನಕ್ಕ. ಅವಳೂ ಅಳುತ್ತಲೇ ನಕ್ಕಳು. ಮುಖ ಒರೆಸಿಕೊಂಡು, ಕೈಗೆ ಕೆಲಸ ಬೇಕೆಂಬಂತೆ ಅವನು ತುಂಬಿದ್ದ ಅರ್ಜಿಯನ್ನು ಎಳೆದುಕೊಂಡಳು. ವಯಸ್ಸು, ತೂಕ... 'ಮದುವೆಯಾಗಿದೆಯೇ? ಇಲ್ಲ.' ಅಲ್ಲಿ ಅವಳ ಕಣ್ಣು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು ಎನ್ನುವುದನ್ನು ನಾವು ಯಾರಿಗೂ ಹೇಳುವುದು ಬೇಡ.

"ಹತ್ತನೇ ಪ್ರಶ್ನೆ ಖಾಲಿ ಬಿಟ್ಟಿದೀರಿ."

'ಈ ಅಧ್ಯಯನ ನಡೆಸುತ್ತಿರುವವರಿಗೂ ನಿಮಗೂ ಯಾವುದಾದರೂ ಸಂಬಂಧವಿದೆಯೇ? ಹೌದು / ಇಲ್ಲ.'

"ಇಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ," ಅಂದ. "ಹೌದು ಅನ್ನೋಕೆ... ನಾನೊಬ್ಬನೇ ಹೇಳಿದ್ರೆ ಆಗುತ್ತಾ? ನನಗೆ ನೀವು ಇಷ್ಟ. ಅವತ್ತೂ ಇಷ್ಟ, ಇವತ್ತೂ. ಉಳಿದದ್ದನ್ನ ನೀವೇ ತುಂಬಿ."

ಅವಳು ಪೆನ್ನು ತೆಗೆದುಕೊಂಡಳು. 'ಹೌದು' ಎಂಬುದರ ಸುತ್ತ ದೊಡ್ಡದಾಗಿ ಒಂದು ಸೊನ್ನೆ ಸುತ್ತಿದಳು.

"ಅಂದ್ರೆ... ನನ್ನ ರಕ್ತ ಅಧ್ಯಯನಕ್ಕೆ ಬರಲ್ಲ ಅಲ್ವಾ?"

"ಬರಲ್ಲ. ಸಂಬಂಧ ಇರೋರದ್ದು ತಗೊಳ್ಳೋ ಹಾಗಿಲ್ಲ."

"ಹದಿಮೂರು ಗಂಟೆ ಉಪವಾಸ! ಎರಡು ಸಲ ಚುಚ್ಚಿಸ್ಕೊಂಡಿದೀನಿ!"

ಅವಳು ಚೀಲದಿಂದ ಡಬ್ಬಿ ತೆಗೆದು ಅವನ ಮುಂದೆ ಸರಿಸಿದಳು. ಬ್ರೆಡ್ಡು, ಬಾಳೆಹಣ್ಣು.

"ತಿನ್ನು ಮೊದಲು. ಸಂಜೆ ಮನೆಗೆ ಬಾ. ಕಷಾಯದ ಹುಡುಗ ಬರ್ತಾನೆ ಅಂತ ಅಮ್ಮ ಎಂಟು ವರ್ಷದಿಂದ ಕಾಯ್ತಿದ್ದಾರೆ."

"ಅಮ್ಮ ಒಬ್ಬರೇನಾ?"

ಅವಳು ಬಾಳೆಹಣ್ಣು ಸುಲಿದು ಅವನ ಕೈಗಿಟ್ಟಳು.

"ಅಲ್ಲ... ಇಬ್ಬರೂ."