ಎಡಗಿವಿಗೆ ಹೇಳಿದ ಮಾತು

"ನನ್ನ ಹಾಡನ್ನ ಹಾಳು ಮಾಡಿದ್ದು ನೀನೇ ತಾನೇ?"

ಬಾಗಿಲು ತೆರೆದ ಓಲ್ಫಾಗೆ ಎದುರು ನಿಂತವನ ಮುಖ ಹೊಸದು, ದನಿ ಮಾತ್ರ ಚಿರಪರಿಚಿತ. ಹಾತೆಮ್... ಎರಡು ವರ್ಷದಿಂದ ಬರೀ ದನಿಯಾಗಿ ಅವಳ ಫೋನಿನಲ್ಲಿ ಇದ್ದವನು.

ಅವನು ಸ್ಫಾಕ್ಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಕುಣಿತದ ಸಂಗೀತ ಕಟ್ಟುವವನು. ಅವಳು ಟ್ಯೂನಿಸ್‌ನ ಈ ಒಂಟಿ ಕೋಣೆಯಲ್ಲಿ, ಬಿಡುಗಡೆಗೆ ಮುನ್ನ ಅಂಥ ಹಾಡುಗಳ ಸದ್ದನ್ನು ಕೊನೆಯ ಬಾರಿ ತಿದ್ದಿಕೊಡುವವಳು. ರೇಡಿಯೊದಲ್ಲಿ ಬಾರದ, ಹುಡುಕಿಕೊಂಡು ಬಂದವರಿಗಷ್ಟೇ ಸಿಗುವ ಸಂಗೀತ ಅದು. ಪ್ರತಿ ಗುರುವಾರ ಅವನು ಹೊಸ ಹಾಡುಗಳನ್ನು ಹೆಣೆದು ಒಂದು ಗಂಟೆಯ ಮಿಕ್ಸ್ ಮಾಡಿ, ಜೊತೆಗೊಂದು ದನಿಸಂದೇಶ ಸೇರಿಸಿ, ಮೊದಲು ಅವಳಿಗೇ ಕಳಿಸುತ್ತಿದ್ದ. ಎಷ್ಟೋ ವಾರ ಅವಳೊಡನೆ ಮಾತಾಡಿದ ಮನುಷ್ಯದನಿ ಅದೊಂದೇ.

"ಎಡಗಡೆ ಸ್ಪೀಕರಿಂದ ತಾಳ ಗಾಜು ಒಡೆದ ಹಾಗೆ ಬರ್ತಿದೆ. ನಿನ್ನೆ ಮರ್ಸಾ ಕಡಲದಂಡೆಯ ತಾರಸಿಯಲ್ಲಿ ಕುಣಿಯೋರಿಗೆ ಹಾಕಿದೆ. ಜನ ಕಿವಿ ಮುಚ್ಕೊಂಡ್ರು ಓಲ್ಫಾ. ನನ್ನ ಮೊದಲ ರೆಕಾರ್ಡು ಅದು. ನೀನು ಕೇಳಿದ್ಯಾ, ಇಲ್ವಾ?"

ಕೇಳಿದ್ದಳು, ಇಪ್ಪತ್ತು ಸಲ. ಎಡಕ್ಕೆ ಸದ್ದು ಸಾಲದೆನ್ನಿಸಿ ಏರಿಸುತ್ತಲೇ ಹೋಗಿದ್ದಳು. ಎಡಗಿವಿ ಮಂದವಾದದ್ದು ನೆಗಡಿಯಿಂದ ಎಂದುಕೊಂಡಿದ್ದಳು. ನೆಗಡಿಯಲ್ಲವೆಂದು ಆ ಕ್ಷಣ ಖಾತ್ರಿಯಾಯಿತು.

ಕಿವಿ ಹೋದವಳೆಂದು ಗೊತ್ತಾದರೆ ನಾಳೆ ಈ ಬಾಗಿಲಿಗೆ ಯಾರು ಬಂದಾರು?

"ಗಮನ ಕೊಟ್ಟಿರಲಿಲ್ಲ," ಎಂದಳು. "ಬೇರೆ ಕೆಲಸ ಇತ್ತು."

"ನಿನ್ನನ್ನ ಮೊದಲ ಸಲ ನೋಡೋದು ಹೀಗೆ ಅಂತ ಅಂದ್ಕೊಂಡಿರಲಿಲ್ಲ," ಎಂದು ಹಾತೆಮ್ ಮೆಟ್ಟಿಲಿಳಿದು ಹೋದ.

ಆ ವಾರವೇ ವೈದ್ಯರು ಪರೀಕ್ಷೆ ಮಾಡಿದರು. "ಹೋದದ್ದು ಬರಲ್ಲ ಮಗಳೇ. ಬಲಗಿವಿ ಚೆನ್ನಾಗಿದೆ, ಜೋಪಾನ."

ಗುರುವಾರ ಬಂತು, ಮಿಕ್ಸ್ ಬರಲಿಲ್ಲ. ಮರುವಾರವೂ ಇಲ್ಲ. ಓಲ್ಫಾ ಬಂದ ಕೆಲಸಗಳನ್ನೆಲ್ಲ ಏನೇನೋ ನೆಪ ಹೇಳಿ ವಾಪಸು ಕಳಿಸಿದಳು. ಕಿಟಕಿಯ ಬಳಿ ನಿಂತೇ ಬ್ರೆಡ್ಡಿಗೆ ಹರಿಸ್ಸಾ ಚಟ್ನಿ ಸವರಿಕೊಂಡು ತಿಂದಳು. ಫೋನನ್ನು ಬಲಗಿವಿಗೆ ಒತ್ತಿಕೊಂಡು ಅವನ ಹಳೆಯ ಸಂದೇಶಗಳನ್ನು ಕೇಳಿದಳು... 'ಇದರ ನಾಲ್ಕನೇ ನಿಮಿಷ ಕೇಳು, ನಿನಗೇ ಅಂತ ಇಟ್ಟಿದೀನಿ.'

ಅಸಡ್ಡೆಯವಳು ಅನ್ನಿಸಿಕೊಂಡೆ, ಕಿವುಡಿ ಅನ್ನಿಸಿಕೊಳ್ಳಲಿಲ್ಲ. ಇದರಿಂದ ಉಳಿದದ್ದಾದರೂ ಏನು?

ಅವನು ಬಂದುಹೋದ ಐದನೇ ಭಾನುವಾರ ಮಧ್ಯಾಹ್ನ ಗೆಳತಿ ನೆಸ್ರಿನ್ ಅವಳನ್ನು ಮರ್ಸಾದ ತಾರಸಿಗೆ ಎಳೆದುಕೊಂಡು ಹೋದಳು. ಅಂದು ಹಾಡು ಹಾಕುತ್ತಿದ್ದವನು ಹಾತೆಮ್. ಅವಳು ಜನರ ಹಿಂದೆ, ಮೋಟುಗೋಡೆಗೆ ಒರಗಿ ಸಮುದ್ರ ನೋಡುತ್ತ ನಿಂತಳು. ಹಾಡು ನಿಂತು ಬಿಡುವು ಬಂತು.

ಸ್ವಲ್ಪ ಹೊತ್ತಿಗೆ ನೆಸ್ರಿನ್ ಬಂದು ತೋಳು ಜಗ್ಗಿದಳು. "ಏನು ಸೊಕ್ಕೇ ನಿಂದು? ಹಾತೆಮ್ ಬಂದು ನಿನ್ನ ಎಡಕ್ಕೇ ನಿಂತಿದ್ದ. ಎರಡು ಸಲ ಕರೆದ, ಏನೋ ಹೇಳಿದ. ನೀನು ತಿರುಗಿಯೂ ನೋಡ್ಲಿಲ್ಲ. ಸಾಮಾನಿನ ಪೆಟ್ಟಿಗೆ ಕಟ್ಕೊಂಡು ಹೊರಟೇ ಹೋದ."

ಓಲ್ಫಾ ಓಡಿದಳು.

ರೈಲು ನಿಲ್ದಾಣದ ಬೆಂಚಿನ ಮೇಲೆ ಹಾತೆಮ್ ಒಬ್ಬನೇ ಕೂತಿದ್ದ. ಅವಳು ಮುಂದೆ ಬಂದು ನಿಂತಳು, ಏದುಸಿರು ಬಿಡುತ್ತ.

"ನನಗೆ ಎಡಗಿವಿ ಕೇಳಿಸಲ್ಲ, ಹಾತೆಮ್. ಆವಾಗಲೂ ಕೇಳಿಸ್ತಿರಲಿಲ್ಲ. ಅದಕ್ಕೇ ನಿನ್ನ ಹಾಡು ಹಾಳಾಯ್ತು. ಬೇರೆ ಕೆಲಸ ಏನೂ ಇರಲಿಲ್ಲ."

ಅವನು ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಒಬ್ಬಳೇ ಇಟ್ಕೊಂಡು ಕೂತಿದ್ಯಾ, ಇಷ್ಟು ದಿನ?"

ಅವಳ ಕಣ್ಣು ತುಂಬಿತು. "ನಾನೇ ನಿನ್ನ ಕಿವಿಯಾಗ್ತೀನಿ ಅಂತ ಮಾತ್ರ ಹೇಳ್ಬೇಡ."

"ಹೇಳಲ್ಲ. ಎಂಟು ವರ್ಷ ಸ್ಪೀಕರ್ ಪಕ್ಕ ನಿಂತಿದೀನಿ, ನನ್ನವೂ ಅಷ್ಟಕ್ಕಷ್ಟೇ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ರೈಲು ಬಂತು, ನಿಂತು, ಹೋಯಿತು. ಅವನು ಏಳಲಿಲ್ಲ. ಅವಳು ಪಕ್ಕದಲ್ಲಿ ಕೂತಳು.

"ತಾರಸಿಯಲ್ಲಿ ಏನು ಹೇಳಿದೆ?"

ಹಾತೆಮ್ ಎದ್ದು, ಸುತ್ತಿ ಬಂದು, ಅವಳ ಬಲಕ್ಕೆ ಕೂತ. ಬಾಗಿ ಮೆಲ್ಲಗೆ ಹೇಳಿದ. "ಹಾಡು ಹೋದ್ರೆ ಹೋಗ್ಲಿ, ನೀನಿಲ್ಲದೆ ನನಗಾಗ್ತಿಲ್ಲ ಅಂದೆ."

"ಇನ್ನೊಂದು ಸಲ ಹೇಳು."

"ಯಾಕೆ... ಈ ಕಿವೀಗೂ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳು."